ಹಳೇಬೀಡಿನಲ್ಲಿ ಜ್ವರ ನೋಡಲು ಹೋಗದವಳು

ಹಳೇಬೀಡಿಗೆ ಬಂದ ಮೊದಲ ತಿಂಗಳಲ್ಲೇ ನನಗೊಂದು ಸಣ್ಣ ನೆಗಡಿ ಆಯಿತು. ಬ್ಯಾಂಕಿಗೆ ರಜೆ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಮಲಗಿದ್ದೆ. ಕಣ್ಣು ಬಿಟ್ಟಾಗ ನನ್ನ ಮಂಚದ ಮೇಲೆ ಮೂವರು ಹೆಂಗಸರು ಕೂತಿದ್ದರು. ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ಒಬ್ಬರು ಹಣೆ ಮುಟ್ಟಿ ನೋಡುತ್ತಿದ್ದರು, ಇನ್ನೊಬ್ಬರು ಕಾಲು ಒತ್ತುತ್ತಿದ್ದರು, ಮೂರನೆಯವರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, "ನಂಗೂ ಇದೇ ಆಗೈತೆ ಮೇಡಂ, ಊರಿಗೆಲ್ಲ ಆಗೈತೆ, ಎದುರ್ಕಬೇಡಿ" ಎಂದು ಧೈರ್ಯ ಹೇಳುತ್ತಿದ್ದರು. ದಿಂಬಿನ ಪಕ್ಕದಲ್ಲಿ ಬ್ರೆಡ್ಡು, ಗ್ಲೂಕೋಸ್ ಬಿಸ್ಕತ್ತು, ಒಂದು ಚಿಪ್ಪು ಬಾಳೆಹಣ್ಣು. ಸಂಜೆಯೊಳಗೆ ಇನ್ನಷ್ಟು ಜನ ಬಂದರು, ಇನ್ನಷ್ಟು ಬ್ರೆಡ್ಡು ಬಂತು. ನಾನು ಸಕ್ಕರೆ ಕಾಯಿಲೆಯವಳು. ಆ ರಾಶಿಯಲ್ಲಿ ನಾನು ಧೈರ್ಯವಾಗಿ ಬಾಯಿಗಿಡಬಹುದಾದ ಒಂದು ತುಣುಕೂ ಇರಲಿಲ್ಲ.

ಧಾರವಾಡದಲ್ಲಿ ನಮಗೇನು ನೆಂಟರು ಬರುವುದಿಲ್ಲವೇ, ಬರುತ್ತಾರೆ. ಆದರೆ ನಮ್ಮ ಓಣಿಯಲ್ಲಿ ಆಸ್ಪತ್ರೆ ಸೇರಿದರೆ ನೋಡಲು ಹೋಗುವುದು, ನೆಗಡಿಗೆ ಯಾರೂ ಹೋಗುವುದಿಲ್ಲ. ಹೋದರೂ ಬಾಗಿಲಲ್ಲಿ ನಿಂತು "ಆರಾಮ ಅದೀರೇನ್ರಿ?" ಎಂದು ಕೇಳಿ, ಚಹಾ ಕುಡಿದು ಏಳುತ್ತಾರೆ. ಇಲ್ಲಿ ಯಾರಿಗಾದರೂ ಮೈ ಬಿಸಿಯಾಯಿತು ಎಂದು ತಿಳಿದರೆ ಬೀದಿಯೇ ಎದ್ದು ಹೋಗುತ್ತದೆ. ಇದಕ್ಕೆ 'ನೋಡ್ಕಂಡು ಬರೋದು' ಎನ್ನುತ್ತಾರೆ. ನೋಡಿಕೊಂಡು ಬರುವುದೆಂದರೆ ಬರೀ ನೋಡುವುದಲ್ಲ. ಮುಟ್ಟಬೇಕು, ಪಕ್ಕದಲ್ಲಿ ಕೂರಬೇಕು, ಅವರ ಮನೆಯಲ್ಲಿ ಒಂದು ಲೋಟ ನೀರನ್ನಾದರೂ ಕುಡಿಯಬೇಕು. ಬರದೇ ಇದ್ದವರ ಹೆಸರು ವರ್ಷಗಟ್ಟಲೆ ನೆನಪಿರುತ್ತದೆ.

ನಾನು ಈ ಊರಿಗೆ ಬಂದದ್ದು ಬಡ್ತಿಯ ಮೇಲೆ. ಬಡ್ತಿ ಬೇಕಾದರೆ ದೂರದ ಶಾಖೆಗೆ ಹೋಗಬೇಕು ಎಂದರು, ಒಪ್ಪಿಕೊಂಡೆ. ನಮ್ಮ ಮನೆಯವರಿಗೆ ಹುಬ್ಬಳ್ಳಿಯಲ್ಲಿ ಕೆಲಸ, ಅವರು ಅಲ್ಲೇ ಉಳಿದರು. ತಿಂಗಳಿಗೊಮ್ಮೆ ಅವರು ಅರಸೀಕೆರೆಯವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿಯುತ್ತಾರೆ, ಇಲ್ಲವೇ ನಾನು ಹೋಗುತ್ತೇನೆ. ಮನೆ ಸಿಕ್ಕಿದ್ದು ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ, ಜಯಮ್ಮನವರ ಮನೆಯ ಹಿಂಭಾಗದ ಎರಡು ಕೋಣೆ. ಜಯಮ್ಮನವರು ಬಾಡಿಗೆ ಹೇಳುವ ಮೊದಲು ಕೇಳಿದ ಪ್ರಶ್ನೆ, "ಒಬ್ರೇ ಇರ್ತೀರಾ? ಉಂಡ್ರಾ ಬಿಟ್ರಾ ಅಂತ ಕೇಳೋರು ಯಾರು?" ಅದಕ್ಕೆ ನಾನು ಅಡ್ವಾನ್ಸ್ ಎಷ್ಟು ಎಂದು ಕೇಳಿದೆ.

ಕನ್ನಡವೇ ಆದರೂ ಮೊದಮೊದಲು ನನಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧಕ್ಕೆ ತಲೆಯಾಡಿಸುತ್ತಿದ್ದೆ. ನಾವು ನಾಷ್ಟಾ ಎಂದರೆ ಇವರು ತಿಂಡಿ, ನಾವು 'ಆರಾಮಿಲ್ಲ' ಎಂದರೆ ಇವರು 'ಹುಷಾರಿಲ್ಲ'. ನಾನು 'ಐತ್ರಿ' ಎಂದರೆ ಬ್ಯಾಂಕಿನ ಹುಡುಗಿಯರು ಮುಖ ಮುಚ್ಚಿಕೊಂಡು ನಗುತ್ತಿದ್ದರು. ಅವರು 'ಐತೆ' ಎನ್ನುವುದರಲ್ಲಿ ನಗುವಂಥದ್ದು ಏನೂ ಇಲ್ಲವಂತೆ. ಇರಲಿ.

ಊಟದ ಕಥೆ ಬೇರೆಯೇ. ನಾನು ರೊಟ್ಟಿ ಬಡಿಯುವ ಸದ್ದಿಗೆ ಎದುರು ಮನೆಯ ಗಿರಿಜಮ್ಮನವರು ಓಡಿ ಬಂದಿದ್ದರು, ಏನೋ ಜಗಳ ನಡೆಯುತ್ತಿದೆ ಎಂದುಕೊಂಡು. ಹಾಗೆ ಆದ ಪರಿಚಯ. ಗಿರಿಜಮ್ಮನವರಿಗೆ ಎರಡು ಹಸು ಇವೆ. ಬೆಳಿಗ್ಗೆ ಹಾಲು ತಂದರೆ ನನ್ನ ಅಡುಗೆಮನೆಯ ಕಟ್ಟೆಗೆ ಆತುಕೊಂಡು ಅರ್ಧ ಗಂಟೆ ಮಾತು. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ಕಲಿಸಿದವರು ಅವರೇ. ನಾನು ನುಂಗಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡಾಗ ಬೆನ್ನು ತಟ್ಟಿದವರೂ ಅವರೇ. "ರಾಗಿ ತಿಂದ್ರೆ ಶುಗರ್ ಹತ್ರಕ್ಕೂ ಬರಲ್ಲ ಕಣಕ್ಕ" ಎಂದು ಇಡೀ ಬೀದಿ ಹೇಳಿತು. ನಂಬಿ ದೊಡ್ಡ ಮುದ್ದೆ ಉಂಡೆ. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ ಮೀಟರು ಬೇರೆಯೇ ಹೇಳಿತು. ಈಗ ಚಿಕ್ಕ ಮುದ್ದೆ, ಜೊತೆಗೆ ಸೊಪ್ಪಿನ ಸಾರು ಜಾಸ್ತಿ. ಮೇಡಂ ಎನ್ನುತ್ತಿದ್ದ ಗಿರಿಜಮ್ಮನವರು ಆ ಮುದ್ದೆಯ ಕಾಲದಲ್ಲೇ ಶಕುಂತ್ಲಕ್ಕ ಎನ್ನಲು ಶುರುಮಾಡಿದ್ದು. ಆ ದಿನ ನಾನು ನಮ್ಮ ಮನೆಯವರಿಗೆ ಫೋನ್ ಮಾಡಿ ಹೇಳಿದೆ, ನನಗಿಲ್ಲಿ ಒಬ್ಬಳು ತಂಗಿ ಸಿಕ್ಕಳು ಎಂದು.

ಮೊದಲ ಮಳೆಗಾಲದಲ್ಲಿ ನಿಜವಾದ ಜ್ವರ ಬಂತು. ಊರಿಗೆಲ್ಲ ಬಂದ ವೈರಲ್ ಜ್ವರವೇ, ಊರಿನವರೆಲ್ಲ ನಾಲ್ಕು ದಿನ ಮಲಗಿ ಎದ್ದರು. ನಾನು ಏಳಲಿಲ್ಲ. ಬಾಯಿ ಒಣಗಿ, ಉಸಿರು ಮೇಲೆ ಕೆಳಗೆ ಆಗಿ, ಹಾಸನದ ಆಸ್ಪತ್ರೆ ಸೇರಬೇಕಾಯಿತು. ಸಕ್ಕರೆ ಮೀಟರು ತೋರಿಸುವ ಅಂಕಿಗಳನ್ನೆಲ್ಲ ದಾಟಿತ್ತಂತೆ. ವಾಪಸು ಬಂದ ಮೇಲೆ ನಾನು ತೋರಿಸುವ ಬೇಲೂರಿನ ಡಾಕ್ಟರು ಎದುರಿಗೆ ಕೂರಿಸಿಕೊಂಡು ಹೇಳಿದರು.

"ನೋಡಿಮ್ಮಾ, ಜ್ವರ ಬಂದ್ರೆ ಶುಗರ್ ಏರುತ್ತೆ. ಏರಿದ ಶುಗರ್ರು ಜ್ವರಾನ ಬೇಗ ಹೋಗೋಕೆ ಬಿಡಲ್ಲ. ಬೇರೆಯವ್ರಿಗೆ ನಾಲ್ಕು ದಿನದ್ದು ನಿಮಗೆ ಹಾಗಲ್ಲ. ವರ್ಷಕ್ಕೊಂದು ಸಲ ಫ್ಲೂ ಇಂಜೆಕ್ಷನ್ ಹಾಕಿಸ್ಕೊಳ್ಳಿ. ಕೈ ತೊಳೀರಿ. ಕೆಮ್ಮೋರ ಪಕ್ಕ ಕೂರಬೇಡಿ. ಹಂಗೂ ಜ್ವರ ಬಂದ್ರೆ ನೀರು ಕುಡೀತಾ ಇರಿ, ದಿನಕ್ಕೆ ನಾಲ್ಕಾರು ಸಲ ಶುಗರ್ ನೋಡ್ಕೊಳ್ಳಿ. ಊಟ ಸೇರಲ್ಲ ಅಂತ ಮಾತ್ರೇನ ನಿಮ್ಮಷ್ಟಕ್ಕೆ ನಿಲ್ಲಿಸ್ಬೇಡಿ, ನನಗೊಂದು ಫೋನ್ ಮಾಡಿ. ಇನ್ನೊಂದು ಸಲ ಹೀಗಾದ್ರೆ ಕಷ್ಟ."

ಕೈ ತೊಳೆಯುವುದು ಸುಲಭ. ಬ್ಯಾಂಕಿನಲ್ಲಿ ಪಾಸ್‌ಬುಕ್ಕಿನ ಹಾಳೆ ತಿರುವಲು ಬೆರಳಿಗೆ ಎಂಜಲು ಹಚ್ಚಿಕೊಳ್ಳುವವರ ಮುಂದೆ ಮಾಸ್ಕು ಹಾಕಿ ಕೂರುವುದೂ ಸುಲಭ. "ಕೊರೊನಾ ಹೋಯ್ತಲ್ಲ ಮೇಡಂ, ಇನ್ನೂ ಯಾಕೆ ದನಕ್ಕೆ ಕಟ್ಟಿದಂಗೆ ಬಾಯಿಗೆ ಕುಕ್ಕೆ?" ಎಂದು ರೈತರು ರೇಗಿಸುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಕೆಮ್ಮುವವರ ಪಕ್ಕ ಕೂರದೆ ಈ ಊರಲ್ಲಿ ಬದುಕುವುದು ಹೇಗೆ ಎಂದು ಡಾಕ್ಟರು ಹೇಳಿರಲಿಲ್ಲ.

ಈ ವರ್ಷ ಶಿವರಾತ್ರಿ ಮುಗಿದ ಮೇಲೆ ಮತ್ತೆ ಊರೆಲ್ಲ ಕೆಮ್ಮು ಶುರುವಾಯಿತು. ಒಂದು ಬೆಳಿಗ್ಗೆ ಹಾಲು ಬರಲಿಲ್ಲ. ಗಿರಿಜಮ್ಮನವರಿಗೆ ಜ್ವರ ಎಂದು ಜಯಮ್ಮ ಹೇಳಿದರು. ನಾನು ಬ್ಯಾಂಕಿಗೆ ಹೊರಟು ನಿಂತವಳು ಅವರ ಮನೆಯ ಕಡೆ ನೋಡಿದೆ. ಬಾಗಿಲ ಮುಂದೆ ಆಗಲೇ ಚಪ್ಪಲಿಗಳ ಗುಂಪು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು. ನನ್ನ ಕಾಲು ಎರಡು ಹೆಜ್ಜೆ ಹೋಯಿತು, ಮತ್ತೆ ನಿಂತಿತು. ಫೋನ್ ಮಾಡಿದೆ.

"ಗಿರಿಜಮ್ಮ, ಹ್ಯಾಂಗ ಅದೀರ್ರಿ?"

"ಬದುಕಿದೀನಿ ಶಕುಂತ್ಲಕ್ಕ. ಮೈಕೈಯೆಲ್ಲ ನೋವು. ಬತ್ತೀರಲ್ಲ ಸಂಜಿಕೆ?"

"ನೋಡ್ತೀನ್ರಿ" ಎಂದೆ.

ಸಂಜೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಜಯಮ್ಮನವರ ಕೈಯಲ್ಲಿ ಗಂಜಿ ಕಳಿಸಿದೆ, ಮಾತ್ರೆ ತರಿಸಿಕೊಟ್ಟೆ, ದಿನಕ್ಕೆ ಮೂರು ಸಲ ಫೋನ್ ಮಾಡಿದೆ. ನಮ್ಮ ಕಡೆಯಾದರೆ ಇಷ್ಟಕ್ಕೆ ಹೊಗಳುತ್ತಿದ್ದರು. ಇಲ್ಲಿ ಮೂರನೆಯ ದಿನ ನಲ್ಲಿಯ ಹತ್ತಿರ ಮಾತು ಶುರುವಾಯಿತಂತೆ, ಮೇಡಂ ಬರೀ ಫೋನ್ ಮಾಡ್ತಾರಂತೆ, ಹೊಸಿಲು ತುಳಿದಿಲ್ಲವಂತೆ, ಅವರಿಗೆ ಹುಷಾರಿಲ್ಲದಾಗ ಗಿರಿಜಮ್ಮ ಹಾಸನದ ಆಸ್ಪತ್ರೆಯಲ್ಲಿ ನೆಲದ ಮೇಲೆ ಮಲಗಿದ್ದರಂತೆ. ಅದು ಅಂತೆಯಲ್ಲ, ನಿಜ. ಗಿರಿಜಮ್ಮ ನನ್ನ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದರು. ಅದು ನೆನಪಾದಾಗಲೆಲ್ಲ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದೆ, ಡಾಕ್ಟರ ಮಾತು ನೆನಪಾಗಿ ಚಪ್ಪಲಿ ಬಿಡುತ್ತಿದ್ದೆ. ನನಗೇ ನನ್ನ ಮೇಲೆ ಸಿಟ್ಟು, ಜೊತೆಗೆ ಈ ಊರಿನ ಮೇಲೂ ಸಿಟ್ಟು. ಯಾವುದು ಹೆಚ್ಚು ಎಂದು ಹೇಳಲಾರೆ.

ಇಷ್ಟರ ಮೇಲೆ ನನ್ನ ಮನೆಗೆ ಜನ ಬರತೊಡಗಿದರು. ನಾನು ಹೋಗದೆ ಇರುವುದನ್ನು ನೋಡಿ ನನಗೇ ಹುಷಾರಿಲ್ಲ ಎಂದುಕೊಂಡ ಒಳ್ಳೆಯವರು ಅವರು. ಗಿರಿಜಮ್ಮನವರ ಮನೆಯಲ್ಲಿ ಅರ್ಧ ಗಂಟೆ ಕೂತು, ಎದ್ದು ನೇರವಾಗಿ ನನ್ನ ಮಂಚಕ್ಕೆ ಬರುವುದು. ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ.

ಜಯಮ್ಮನವರು ಎರಡು ದಿನ ಸುಮ್ಮನೆ ನೋಡಿದರು. ಆಮೇಲೆ ಒಂದು ಮಧ್ಯಾಹ್ನ ಹಿತ್ತಲಿನಿಂದ ಬೇವಿನ ಸೊಪ್ಪು ಮುರಿದು ತಂದು ನನ್ನ ಬಾಗಿಲಿಗೆ ಕಟ್ಟಿದರು.

"ಇದೇನ್ರಿ ಜಯಮ್ಮ?"

"ಅಮ್ಮ ಆಗೈತೆ ಅಂದ್ಕಳ್ಳಿ. ಇನ್ನ ಒಬ್ಬರೂ ಬರಲ್ಲ, ನೀವು ಎಲ್ಲಿಗೂ ಹೋಗೋ ಹಂಗೂ ಇಲ್ಲ. ಯಾರೂ ಏನೂ ಅನ್ನಕಾಗಲ್ಲ."

ಸೀತಾಳೆ ಸಿಡುಬು ಬಂದ ಮನೆಗೆ ಬೇವು ಕಟ್ಟುವುದು ನಮ್ಮ ಕಡೆಯೂ ಇದೆ. ಅಮ್ಮ ಬಂದ ಮನೆಗೆ ಹೊರಗಿನವರು ಬರುವುದಿಲ್ಲ, ಆ ಮನೆಯವರು ಹೊರಗೆ ಹೋಗುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ. ಅಂಟು ರೋಗಕ್ಕೆ ಇದಕ್ಕಿಂತ ಒಳ್ಳೆಯ ಕಟ್ಟುಪಾಡು ಯಾವ ಡಾಕ್ಟರು ಹೇಳಿಯಾರು? ಆದರೆ ಬಾರದ ಅಮ್ಮನನ್ನು ಬಂದಳು ಎನ್ನುವುದು ಹೇಗೆ? ಓದಿದವಳು ನಾನು, ಆದರೂ "ತಾಯಿ ಸಿಟ್ಟಾಗ್ತಾಳೇನ್ರಿ?" ಎಂದು ಕೇಳಿದೆ.

"ಅವಳಿಗೆ ಗೊತ್ತಾಗಲ್ವಾ ನಿಮ್ಮ ಕಷ್ಟ? ಆಮೇಲೆ ಮೊಸರನ್ನ ಎಡೆ ಇಟ್ಟು ತಪ್ಪಾಯ್ತು ಅಂದ್ರಾಯ್ತು" ಎಂದು ಜಯಮ್ಮ ಕೈ ತೊಳೆದುಕೊಂಡರು.

ನಿಜ ಹೇಳಬೇಕೆಂದರೆ ಆ ಸಂಜೆ ನನಗೆ ಬಹಳ ಹಾಯೆನಿಸಿತು. ಯಾರೂ ಬರಲಿಲ್ಲ. ಬ್ಯಾಂಕಿಗೆ ರಜೆ ಹಾಕಿದ್ದೆ. ಬಂದವರು ಗೇಟಿನ ಹೊರಗೆ ಎಳನೀರು ಇಟ್ಟು, ಕೈ ಮುಗಿದು ಹೋಗುತ್ತಿದ್ದರು. ಅವರು ಕೈ ಮುಗಿದದ್ದು ನನಗಲ್ಲ ಎನ್ನುವುದು ಮಾತ್ರ ಸ್ವಲ್ಪ ಚುಚ್ಚುತ್ತಿತ್ತು.

ಮರುದಿನ ಬೆಳಿಗ್ಗೆ ಬಾಗಿಲು ಸದ್ದಾಯಿತು. ತೆರೆದರೆ ಗಿರಿಜಮ್ಮ. ತಲೆಗೆ ಟವಲು ಕಟ್ಟಿದ್ದರು, ಕಣ್ಣು ಇನ್ನೂ ಕೆಂಪಗಿತ್ತು, ಒಂದು ಕೈಯಲ್ಲಿ ಮಜ್ಜಿಗೆಯ ಚೊಂಬು, ಇನ್ನೊಂದು ಕೈಯಲ್ಲಿ ಅರೆದ ಬೇವು ಅರಿಶಿನ.

"ಯಾರೂ ಬರಲ್ಲ ಅಂತ ಗೊತ್ತು ಕಣಕ್ಕ. ನಂಗೆ ಚಿಕ್ಕೋಳಿದ್ದಾಗ್ಲೇ ಆಗೈತೆ, ನಂಗೇನೂ ಆಗಲ್ಲ. ನಾನು ನೋಡ್ಕತೀನಿ" ಎಂದು ಹೇಳುವಷ್ಟರಲ್ಲಿ ಕೆಮ್ಮು ಬಂದು, ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ಕೆಮ್ಮಿದರು.

ಊರನ್ನೆಲ್ಲ ದೂರವಿಟ್ಟ ಬೇವು, ನಾನು ಯಾರಿಗೆ ಹೆದರಿದ್ದೆನೋ ಅವರೊಬ್ಬರನ್ನೇ ಒಳಗೆ ಕರೆದುಕೊಂಡು ಬಂದಿತ್ತು. ಒಮ್ಮೆ ಅಮ್ಮ ಆಗಿ ವಾಸಿಯಾದವರೇ ಅಮ್ಮ ಆದವರ ಆರೈಕೆ ಮಾಡಬೇಕು ಎನ್ನುವುದು ಇಲ್ಲಿಯ ಪದ್ಧತಿ. ಜಯಮ್ಮನವರಿಗೂ ಅದು ಹೊಳೆದಿರಲಿಲ್ಲ. ನಾನು ಹಿಂದೆ ಸರಿದೆ. ಅವರು ಒಂದು ಕಾಲು ಒಳಗಿಟ್ಟರು.

"ಬರಬ್ಯಾಡ್ರಿ" ಎಂದೆ. ದನಿ ಜೋರಾಯಿತು. "ಅಲ್ಲೇ ನಿಂದರ್ರಿ ಗಿರಿಜಮ್ಮ. ನನಗ ಅಮ್ಮ ಆಗಿಲ್ಲ. ನಿಮ್ಮ ಜ್ವರ ನನಗ ಬಂದೀತು ಅಂತ ಕಟ್ಟಿದ್ದು ಇದು."

ಗಿರಿಜಮ್ಮ ಮೊದಲು ನನ್ನ ಮುಖ ನೋಡಿದರು, ಆಮೇಲೆ ಕೈ, ಕುತ್ತಿಗೆ. ಒಂದು ಬೊಕ್ಕೆಯೂ ಇಲ್ಲದ್ದು ಅವರಿಗೆ ಕಂಡಿತು.

"ನನ್ ಜ್ವರಕ್ಕಾ?"

"ಡಾಕ್ಟರು ಹೇಳ್ಯಾರ್ರಿ. ಇನ್ನೊಮ್ಮೆ ಬಂದ್ರ ನಾ ಉಳಿಯೂದು ಕಷ್ಟ ಅಂದಾರ. ನನಗ ಭಾಳ ಅಂಜಿಕಿ ಆಗೇತ್ರಿ."

"ಹಂಗಂತ ಒಂದ್ ಮಾತು ಹೇಳಿದ್ರೆ ನಾನೇನ್ ಮೈಮೇಲೆ ಬಂದು ಬೀಳ್ತಿದ್ನಾ?" ಎಂದರು. ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದರು, ಚೊಂಬನ್ನು ಹೊಸಿಲ ಹೊರಗಿಟ್ಟರು. "ಮಜ್ಜಿಗೆಗೆ ಸಕ್ಕರೆ ಹಾಕಿಲ್ಲ ಮೇಡಂ" ಎಂದು ಹೊರಟುಹೋದರು.

ಅಂದಿನಿಂದ ನಾನು ಮತ್ತೆ ಮೇಡಂ ಆದೆ. ಅವರಿಗೆ ವಾಸಿಯಾಯಿತು, ಹಾಲು ಬರತೊಡಗಿತು, ಆದರೆ ಗೇಟಿನವರೆಗೆ ಮಾತ್ರ. "ಒಳಗ ಬರ್ರಿ, ಈಗ ಕೆಮ್ಮಿಲ್ಲಲ್ಲ" ಎಂದು ಕರೆದರೆ, "ಬ್ಯಾಡಿ ಮೇಡಂ, ನಿಮ್ ಶುಗರ್ಗೆ ಆಗಲ್ಲ" ಎನ್ನುತ್ತಿದ್ದರು. ಅದು ಕಾಳಜಿಯೋ ಕೊಂಕೋ ನನಗೆ ತಿಳಿಯಲಿಲ್ಲ. ನಮ್ಮ ಧಾರವಾಡದ ಹೆಣ್ಣುಮಕ್ಕಳಾದರೆ ಮುಖಕ್ಕೆ ಹೊಡೆದ ಹಾಗೆ ಅಂದುಬಿಡುತ್ತಾರೆ, ಒಂದು ಗಂಟೆಯಲ್ಲಿ ಮರೆಯುತ್ತಾರೆ. ಇಲ್ಲಿಯವರ ಮೆತ್ತಗಿನ ಮಾತಿನ ತಳ ನನಗೆ ಸಿಗುವುದಿಲ್ಲ. ಬಾಗಿಲ ಬೇವು ಬಿಚ್ಚಿದೆ, ಅದನ್ನು ಯಾಕೆ ಕಟ್ಟಿದ್ದೆಂದು ಅಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿತ್ತು. ಜಯಮ್ಮನವರ ಜೊತೆ ಹೋಗಿ ಮಾರಮ್ಮನ ಗುಡಿಯಲ್ಲಿ ಮೊಸರನ್ನ ಎಡೆ ಇಟ್ಟು ಬಂದೆ. ತಾಯಿ ಕ್ಷಮಿಸಿರಬಹುದು.

ಮುಂದಿನ ವಾರದ ಕೊನೆಗೆ ನಮ್ಮ ಮನೆಯವರು ಬಂದರು. ಬೆಳಿಗ್ಗೆ ಬಸ್ಸಿನಿಂದ ಇಳಿದು ಮನೆಗೆ ಬಂದವರ ಮುಖ ಬಾಡಿತ್ತು, ಗಂಟಲು ಕಟ್ಟಿತ್ತು. ಚೀಲದಲ್ಲಿ ಗುರೆಳ್ಳು ಪುಡಿ, ಗರಿಗರಿ ಕಟಕ ರೊಟ್ಟಿ. ನನಗೆ ಹಿಗ್ಗೋ ಹಿಗ್ಗು. ಎರಡು ದಿನ ಅವರ ಎದೆಗೆ ಎಣ್ಣೆ ತಿಕ್ಕಿದೆ, ಕಷಾಯ ಮಾಡಿಕೊಟ್ಟೆ, ಒಂದೇ ತಟ್ಟೆಯಲ್ಲಿ ಉಂಡೆವು, ಕೆರೆ ಏರಿಯ ಮೇಲೆ ಕೈ ಹಿಡಿದು ಅಡ್ಡಾಡಿದೆವು. ಅವರು ಕೆಮ್ಮಿದಾಗ ಬೆನ್ನು ನೀವಿದೆ. ಮಾಸ್ಕು ಬ್ಯಾಂಕಿನ ಚೀಲದಲ್ಲಿತ್ತು, ಅದು ನೆನಪಿಗೂ ಬರಲಿಲ್ಲ.

ಅವರು ಹೋದ ಎರಡನೆಯ ದಿನಕ್ಕೆ ನನಗೆ ಚಳಿ ಹಿಡಿಯಿತು. ಮೀಟರು ನೋಡಿದೆ, ಏರುತ್ತಿತ್ತು. ನೀರು ಕುಡಿದೆ, ಮತ್ತೆ ನೋಡಿದೆ, ಇನ್ನೂ ಏರಿತ್ತು. ಡಾಕ್ಟರಿಗೆ ಫೋನ್ ಮಾಡಿದೆ, ಕೂಡಲೇ ಬನ್ನಿ ಎಂದರು. ಎದ್ದು ನಿಂತರೆ ಕಣ್ಣು ಕತ್ತಲೆ. ಜಯಮ್ಮನವರು ಮಗಳನ್ನು ನೋಡಲು ಗೆಂಡೆಹಳ್ಳಿಗೆ ಹೋಗಿದ್ದರು. ಬೀದಿಯಲ್ಲಿ ಎಷ್ಟೊಂದು ಜನ, ಆದರೆ ನನ್ನ ಮನೆಗೆ ಬರಬಾರದೆಂದು ಈಗ ಎಲ್ಲರಿಗೂ ಗೊತ್ತು. ನಾನೇ ಕಲಿಸಿದ್ದು. ಹುಬ್ಬಳ್ಳಿಯಿಂದ ಯಾರಾದರೂ ಬರಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕುತ್ತ ಗೋಡೆ ಹಿಡಿದು ಕೂತೆ. ಸಾಯುತ್ತೇನೆ ಎಂದು ನಿಜವಾಗಿಯೂ ಅನಿಸಿತು.

ಕೊನೆಗೆ ಎದುರು ಮನೆಗೇ ಫೋನ್ ಮಾಡಿದೆ.

ಗಿರಿಜಮ್ಮ ಬಂದರು. ಬಾಯಿ ಮೂಗಿಗೆ ಬಿಳಿ ಟವಲು ಬಿಗಿದು ಕಟ್ಟಿದ್ದರು. ಹೊಸಿಲ ಹೊರಗೆ ನಿಂತರು. "ಒಳೀಕೆ ಬರ್ಲಾ ಮೇಡಂ, ಇಲ್ಲೇ ನಿಂತ್ಕಳ್ಳಾ?" ಎಂದು ಕೇಳಿದರು. ನಾನು ಅತ್ತುಬಿಟ್ಟೆ. ಅವರು ಒಳಗೆ ಬಂದು ನನ್ನ ಸೀರೆ ಸರಿಮಾಡಿ, ಮಾತ್ರೆಯ ಚೀಲ, ಮೀಟರು ಎಲ್ಲ ತೆಗೆದುಕೊಂಡು, ಆಟೋ ಕರೆಸಿ, ಬೇಲೂರಿಗೆ ಹೊರಡಿಸಿದರು.

ದಾರಿಯುದ್ದಕ್ಕೂ ನನ್ನ ತಲೆ ಅವರ ಹೆಗಲ ಮೇಲಿತ್ತು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು, "ಯಾರತ್ರ ಅಂಟ್ಕಂಡ್ತು? ಇಷ್ಟು ಹುಷಾರಾಗಿದ್ರಲ್ಲ."

"ನಮ್ಮ ಮನಿಯವರು ಬಂದಿದ್ರಲ್ರಿ. ಅವರಿಗೆ ಕೆಮ್ಮಿತ್ತು."

ಗಿರಿಜಮ್ಮ ಮುಖದ ಟವಲು ಸರಿಮಾಡಿಕೊಂಡರು. ಆಮೇಲೆ, ನಿಜವಾಗಿ ತಿಳಿದುಕೊಳ್ಳಬೇಕೆಂಬ ದನಿಯಲ್ಲೇ ಕೇಳಿದರು. "ಅವರನ್ನೂ ಬಾಗಿಲಲ್ಲೇ ನಿಲ್ಸಿದ್ರಾ?"

ಅವರ ಹೆಗಲ ಮೇಲೆಯೇ ಇಲ್ಲವೆಂದು ತಲೆಯಾಡಿಸಿದೆ. ವೈರಸ್ಸಿಗೆ ನಮ್ಮವರು ಪರರು ಗೊತ್ತಿಲ್ಲ ಎಂದು ಬ್ಯಾಂಕಿನ ಹುಡುಗಿಯರಿಗೆ ಪಾಠ ಹೇಳಿದವಳು ನಾನು. ನಮ್ಮೂರಿನಿಂದ, ನಮ್ಮ ರೊಟ್ಟಿಯ ಚೀಲದ ಜೊತೆಗೆ ಬಂದದ್ದು ಜ್ವರವಾಗಿರಲಾರದು ಎಂದು ಹೇಗೆ ನಂಬಿದೆ? ಆಟೋ ಕುಲುಕಿದಾಗ ಗಿರಿಜಮ್ಮ ನನ್ನ ತಲೆಯನ್ನು ಕೈಯಿಂದ ಹಿಡಿದುಕೊಂಡರು.

ಈ ಸಲ ಬೇಗ ಹೋದದ್ದರಿಂದ ನಾಲ್ಕೇ ದಿನಕ್ಕೆ ಮನೆಗೆ ಬಂದೆ. ಈಗ ನನ್ನ ಮನೆಗೆ ಬರುವವರಿಗೆ ಬಾಯಿಬಿಟ್ಟು ಹೇಳುತ್ತೇನೆ, ನನಗೆ ಶುಗರ್ ಇದೆ, ಕೆಮ್ಮಿದ್ದರೆ ಜಗಲಿಯಲ್ಲೇ ಕೂತು ಮಾತಾಡೋಣ ಎಂದು. ಕೆಲವರು ಮುಖ ಊದಿಸಿಕೊಂಡರು, ಹಲವರು ಜಗಲಿಯಲ್ಲಿ ಕೂತರು. ಬ್ರೆಡ್ಡು ತರುವುದನ್ನು ಮಾತ್ರ ಯಾರೂ ಬಿಟ್ಟಿಲ್ಲ. ಗಿರಿಜಮ್ಮನವರು ಮತ್ತೆ ಅಡುಗೆಮನೆಯ ಕಟ್ಟೆಯವರೆಗೆ ಬರುತ್ತಾರೆ. ಇನ್ನೂ ಮೇಡಂ ಎನ್ನುತ್ತಾರೆ, ಒಮ್ಮೊಮ್ಮೆ ಮರೆತು ಅಕ್ಕ ಎನ್ನುತ್ತಾರೆ.

ಧಾರವಾಡದ ಕಡೆಗೆ ವರ್ಗ ಕೇಳುವ ಕಾಲ ಬಂದಿದೆ. ಕೇಳಬೇಕೋ ಬೇಡವೋ ಎಂಬ ಗೊಂದಲದಲ್ಲಿರುವಾಗಲೇ ಮೊನ್ನೆ ಬೆಳಿಗ್ಗೆ ನಮ್ಮ ಮನೆಯವರ ಫೋನ್ ಬಂತು. ಗಿರಿಜಮ್ಮ ಪಕ್ಕದಲ್ಲೇ ಹಾಲು ಸೋಸುತ್ತಿದ್ದರು.

"ಶನಿವಾರ ಬರ್ತೀನಿ. ಸ್ವಲ್ಪ ಮೂಗು ಸೋರಾಕತ್ತೈತಿ, ಆದ್ರೂ ಬರ್ತೀನಿ."

ನಾನು ಗಿರಿಜಮ್ಮನವರ ಕಡೆ ನೋಡಿದೆ. ಅವರು ಹಾಲಿನ ಕಡೆಗೇ ನೋಡುತ್ತಿದ್ದರು.

"ಬ್ಯಾಡ್ರಿ" ಎಂದೆ. "ಆರಾಮಾದ ಮ್ಯಾಲೆ ಬರ್ರಿ."

ಅವರು ಕೇಳಿದರು, "ಯಾಕ, ನಾ ಹೊರಗಿನಾಂವ ಆದೆನೇನು?"

"ಹಂಗಲ್ರಿ" ಎಂದೆ. ಮತ್ತೆ ಹೇಗೆ ಎಂದು ಅವರು ಕೇಳಿದರು. ಫೋನ್ ಕಿವಿಗೆ ಹಿಡಿದೇ, ಗಿರಿಜಮ್ಮ ಸೋಸಿಕೊಟ್ಟ ಹಾಲನ್ನು ಒಲೆಯ ಮೇಲಿಟ್ಟೆ.